ಬಂತೇ, ಹೋಯಿತೇ: ಆರ್‌ವಿಯ ನೆತ್ತಿಯ ಆಂಟೆನಾಗೆ ಸಿಗ್ನಲ್ ಒಲಿಸುವ ಬಗೆ

ಎಂಬತ್ತರ ದಶಕದ ಕೊನೆ. ಹಾಸನದ ನಮ್ಮ ಮನೆಯ ತಾರಸಿಯ ಮೇಲೆ ಅಪ್ಪ, ಅಂಗಳದಲ್ಲಿ ಅಣ್ಣ, ಟಿವಿಯ ಮುಂದೆ ನಾನು. ಅಪ್ಪ ಆಂಟೆನಾದ ಕಂಬ ತಿರುಗಿಸಿ "ಬಂತೇನೋ?" ಎನ್ನುವರು. ಅಣ್ಣ ಕಿಟಕಿಗೆ ಬಾಯಿಟ್ಟು ಅದನ್ನೇ ನನಗೆ ಕೇಳುವನು. ನಾನು "ಬಂತು, ಬಂತು, ಅಯ್ಯೋ ಹೋಯಿತು" ಎಂದದ್ದು ಅದೇ ದಾರಿಯಲ್ಲಿ ಮೇಲೇರುವಷ್ಟರಲ್ಲಿ ಕಂಬ ಇನ್ನೊಂದು ಗೇಣು ತಿರುಗಿರುತ್ತಿತ್ತು. ಎಷ್ಟೇ ತಡವಾದರೂ ಆ ಕೆಲಸ ಕೊನೆಗೆ ಕೈಗೂಡುತ್ತಿತ್ತು. ಪರದೆಯ ಮೇಲೆ ಇರುವೆ ಹರಿದಾಡಿದಂತೆ ಕಾಣುತ್ತಿದ್ದದ್ದು ಕಡಿಮೆಯಾಗುತ್ತ ಬಂದರೆ ಸರಿಯಾದ ದಿಕ್ಕು, ಹೆಚ್ಚಾದರೆ ತಪ್ಪು ದಿಕ್ಕು. ಲೆಕ್ಕ ಅಷ್ಟೇ.

ಮೂರೂವರೆ ದಶಕಗಳ ಮೇಲೆ ಅದೇ ಅಪ್ಪ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಹಳೆಯ ಆರ್‌ವಿಯೊಳಗೆ ನಿಂತು ಅದೇ ಪ್ರಶ್ನೆ ಕೇಳಿದರು. ಆರ್‌ವಿ ಎಂದರೆ ಮಂಚ, ಒಲೆ, ಬಚ್ಚಲು ಎಲ್ಲವನ್ನೂ ಒಳಗಿಟ್ಟುಕೊಂಡು ಊರೂರು ತಿರುಗುವ ಗಾಡಿ. ಅದರ ನೆತ್ತಿಯ ಮೇಲೊಂದು ಆಂಟೆನಾ, ಅದನ್ನು ಎತ್ತಿ ಇಳಿಸಲು, ತಿರುಗಿಸಲು ಒಳಚಾವಣಿಯಲ್ಲೊಂದು ಹಿಡಿಕೆ. ನಾವು ಗಾಡಿ ನಿಲ್ಲಿಸಿದ್ದು ಲಾಸ್ ಏಂಜಲೀಸಿನ ದಕ್ಷಿಣಕ್ಕೆ, ಹಂಟಿಂಗ್ಟನ್ ಬೀಚ್ ಊರಿನ ಬೋಲ್ಸಾ ಚಿಕಾ ಕಡಲತೀರದಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜೌಗು, ಅಡ್ಡ ಬರುವ ಗುಡ್ಡವಿಲ್ಲ. ಆದರೂ ಪರದೆ ಕಪ್ಪು. "ಸಿಗ್ನಲ್ ಇಲ್ಲ" ಎಂಬ ಒಂದೇ ಸಾಲು. ಅಪ್ಪ ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿ ಕೈಬಿಟ್ಟರು. "ಇದು ಏನೂ ಹೇಳುವುದೇ ಇಲ್ಲವಲ್ಲೋ. ಎತ್ತ ತಿರುಗಿಸಲಿ?"

ಇಡೀ ಸಮಸ್ಯೆ ಆ ಒಂದು ಮಾತಿನಲ್ಲಿದೆ. ಭಾರತದಲ್ಲಿ ಡಿಟಿಎಚ್ ತಟ್ಟೆ ಬಂದ ಮೇಲೆ ತಾರಸಿಯ ಆಂಟೆನಾ ಮರೆತೇ ಹೋಗಿದೆ. ಅಮೆರಿಕದಲ್ಲಿ ದೊಡ್ಡ ಜಾಲಗಳ ವಾಹಿನಿಗಳು ಈಗಲೂ ಗಾಳಿಯಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ಅಲ್ಲಿನ ಪೂರ್ಣ ಶಕ್ತಿಯ ಕೇಂದ್ರಗಳೆಲ್ಲ 2009ರ ಜೂನ್ 12ರಂದು ಅನಲಾಗ್ ಬಿಟ್ಟು ಡಿಜಿಟಲ್ ಹಿಡಿದವು. ಸಣ್ಣ ಊರುಗಳಿಗೆ ಗುಡ್ಡದ ಮೇಲಿಂದ ಸಿಗ್ನಲ್ ದಾಟಿಸುವ ಕಿರು ಟ್ರಾನ್ಸ್‌ಮಿಟರುಗಳಿಗೆ 2021ರ ಜುಲೈವರೆಗೆ ಗಡುವು ಸಿಕ್ಕಿತ್ತು. ಅನಲಾಗ್ ಚಿತ್ರ ಮುದುಕರಂತೆ ನಿಧಾನವಾಗಿ ಕ್ಷೀಣಿಸುತ್ತಿತ್ತು. ಡಿಜಿಟಲ್ ಚಿತ್ರಕ್ಕೆ ಅಂಥ ನಡುವಯಸ್ಸಿಲ್ಲ. ಸಿಗ್ನಲ್ ಹಿನ್ನೆಲೆಯ ಗದ್ದಲಕ್ಕಿಂತ 15 ಡೆಸಿಬೆಲ್, ಅಂದರೆ ಸುಮಾರು ಮೂವತ್ತು ಪಟ್ಟು ಬಲವಾಗಿದ್ದರೆ ಕಣ್ಣು ಕೋರೈಸುವ ಚಿತ್ರ. ಅದಕ್ಕಿಂತ ತುಸು ಕೆಳಗಿಳಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಇನ್ನೂ ತುಸು ಇಳಿದರೆ ಏನೂ ಇಲ್ಲ. ಗೆರೆ ದಾಟಿದರೆ ಹಬ್ಬದೂಟ, ದಾಟದಿದ್ದರೆ ನಿರಾಹಾರ. ಸಾಲದ್ದಕ್ಕೆ, ಸಿಗ್ನಲ್ ಸಿಕ್ಕರೂ ಟಿವಿ ಅದನ್ನು ಬಿಡಿಸಿ ಚಿತ್ರ ತೋರಿಸಲು ಒಂದೆರಡು ಕ್ಷಣ ತೆಗೆದುಕೊಳ್ಳುತ್ತದೆ. ಹಾಸನದ ವೇಗದಲ್ಲಿ ತಿರುಗಿಸುತ್ತ ಹೋದರೆ ಸರಿಯಾದ ದಿಕ್ಕನ್ನು ದಾಟಿಯೇ ಹೋಗಿರುತ್ತೀರಿ.

ಹಾಗಾಗಿ ಚಿತ್ರ ನೋಡಿಕೊಂಡು ಹುಡುಕುವ ಹಳೆಯ ವಿದ್ಯೆ ಇಲ್ಲಿ ಕೆಲಸಕ್ಕೆ ಬಾರದು. ಟವರಿನಿಂದ ಟಿವಿಯವರೆಗಿನ ದಾರಿಯಲ್ಲಿ ಸಿಗ್ನಲ್ ಎಲ್ಲಿ ಸೋರುತ್ತಿದೆ ಎಂದು ಒಂದೊಂದೇ ಕೊಂಡಿ ಮುಟ್ಟಿ ನೋಡಬೇಕು. ನಾನು ಟಿವಿಯ ಕಡೆಯಿಂದ ಶುರು ಮಾಡುತ್ತೇನೆ. ಅಲ್ಲಿಯ ದೋಷಗಳಿಗೆ ಬಿಡಿಗಾಸಿನ ಖರ್ಚೂ ಇಲ್ಲ, ಏಣಿ ಹತ್ತುವ ಕಷ್ಟವೂ ಇಲ್ಲ.

ಅಮೆರಿಕದ ಆರ್‌ವಿಗಳ ಮೇಲೆ ಬಹುಕಾಲದಿಂದ ಕಾಣುವ ಆಂಟೆನಾ ಎಂದರೆ ಅಯೊವಾ ರಾಜ್ಯದ ಬರ್ಲಿಂಗ್ಟನ್ ಊರಿನ ವೈನ್‌ಗಾರ್ಡ್ ಕಂಪನಿಯ ಸೆನ್ಸರ್. ರೆಕ್ಕೆ ಚಾಚಿದ ಬಾವಲಿಯಂತೆ ಇರುವುದರಿಂದ ಎಲ್ಲರೂ ಅದನ್ನು ಬ್ಯಾಟ್‌ವಿಂಗ್ ಎಂದೇ ಕರೆಯುತ್ತಾರೆ. ಅದರ ತಲೆಯೊಳಗೇ ಸಿಗ್ನಲ್ಲನ್ನು ಹೆಚ್ಚಿಸುವ ಒಂದು ಬೂಸ್ಟರ್ ಇದೆ. ಆ ಬೂಸ್ಟರಿಗೆ 12 ವೋಲ್ಟ್ ವಿದ್ಯುತ್ ಬೇಕು, ಅದು ಸಿಗ್ನಲ್ ಇಳಿದು ಬರುವ ಅದೇ ಕೇಬಲ್ಲಿನಲ್ಲಿ ಮೇಲಕ್ಕೆ ಏರುತ್ತದೆ. ಅದನ್ನು ಕಳಿಸುವುದು ಗೋಡೆಯ ಮೇಲಿನ ಒಂದು ಪುಟ್ಟ ಫಲಕ: ಒಂದು ಗುಂಡಿ, ಅದರ ಪಕ್ಕ ಸಾಸಿವೆ ಕಾಳಿನಷ್ಟು ದೀಪ. ಗುಂಡಿ ಒತ್ತಿದರೆ ಆಂಟೆನಾ ಟಿವಿಗೆ ಸೇರುತ್ತದೆ. ಒತ್ತದಿದ್ದರೆ ಟಿವಿ ಆಂಟೆನಾವನ್ನು ಬಿಟ್ಟು ಗಾಡಿಯ ಹೊರಮೈಯಲ್ಲಿರುವ ಕೇಬಲ್ ಟಿವಿಯ ಕಿಂಡಿಗೆ ಜೋಡಣೆಯಾಗುತ್ತದೆ. ಆ ಕಿಂಡಿಗೆ ಏನೂ ಸಿಕ್ಕಿಸಿಲ್ಲದಿದ್ದರೆ ಟಿವಿಗೆ ಬರುವುದು ಶೂನ್ಯ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವರಲ್ಲ, ಈ ಫಲಕವೇ ಆ ಪೂಜಾರಿ. ಬೋಲ್ಸಾ ಚಿಕಾದಲ್ಲಿ ನಮ್ಮ ಮೊದಲ ತಪ್ಪೂ ಇದೇ. ಟವೆಲ್ ನೇತು ಹಾಕಿದ್ದ ಜಾಗದ ಹಿಂದೆ ಆ ಗುಂಡಿ ಆರಿಕೊಂಡು ಕುಳಿತಿತ್ತು.

ದೀಪ ಉರಿಯುತ್ತಿದ್ದ ಮಾತ್ರಕ್ಕೆ ವಿದ್ಯುತ್ ಮೇಲೆ ತಲುಪಿದೆ ಎಂದುಕೊಳ್ಳಬೇಡಿ. ಒಂದು ವಾಹಿನಿ ನೋಡುತ್ತಿರುವಾಗ ಗುಂಡಿ ಆರಿಸಿ, ಮತ್ತೆ ಒತ್ತಿ. ಚಿತ್ರದಲ್ಲಾಗಲಿ ಟಿವಿ ಮೆನುವಿನ ಸಿಗ್ನಲ್ ಮೀಟರಿನಲ್ಲಾಗಲಿ ಏನೂ ಬದಲಾಗದಿದ್ದರೆ ನಡುವೆ ಎಲ್ಲೋ ದಾರಿ ಕಡಿದಿದೆ. ಆಂಟೆನಾ ತಲೆಯ ಬಳಿ ಕೇಬಲ್ ಬಿಚ್ಚಿ ವೋಲ್ಟ್ ಮೀಟರ್ ಹಿಡಿದರೆ ಹನ್ನೆರಡರ ಆಸುಪಾಸು ತೋರಿಸಬೇಕು. ಫಲಕಕ್ಕೂ ಆಂಟೆನಾಕ್ಕೂ ನಡುವೆ ಯಾರಾದರೂ ಸ್ಪ್ಲಿಟರ್, ಅಂದರೆ ಒಂದು ಕೇಬಲ್ಲನ್ನು ಕವಲಾಗಿಸುವ ಜೋಡಣೆ, ಹಾಕಿದ್ದರೆ ವಿದ್ಯುತ್ತು ಅಲ್ಲಿಯೇ ನಿಲ್ಲುವ ಸಂಭವ ಹೆಚ್ಚು. ಸ್ಪ್ಲಿಟರ್ ಬೇಕಿದ್ದರೆ ಫಲಕದಿಂದ ಟಿವಿಯ ಕಡೆಗೆ ಇರಬೇಕು.

ಗುಂಡಿ ಒತ್ತಿದ ಮೇಲೂ ನಮಗೆ ಚಿತ್ರ ಬರಲಿಲ್ಲ. ಟಿವಿಯ ನೆನಪಿನಲ್ಲಿದ್ದದ್ದು ಹಿಂದಿನ ವಾರ ತಂಗಿದ್ದ ಊರಿನ ವಾಹಿನಿಗಳ ಪಟ್ಟಿ. ಮನೆಯ ಟಿವಿ ಕದಲುವುದಿಲ್ಲ, ಒಮ್ಮೆ ಹುಡುಕಿದ ಪಟ್ಟಿ ವರ್ಷಗಟ್ಟಲೆ ನಡೆಯುತ್ತದೆ. ಆರ್‌ವಿಯಲ್ಲಿ ಊರು ಬದಲಾದಾಗಲೆಲ್ಲ ಹೊಸದಾಗಿ ಸ್ಕ್ಯಾನ್ ಮಾಡಲೇಬೇಕು. ಸ್ಕ್ಯಾನಿಗೆ ಮುನ್ನ ಮೆನುವಿನಲ್ಲಿ 'ಏರ್' ಅಥವಾ 'ಆಂಟೆನಾ' ಎಂದಿದೆಯೇ ನೋಡಿ. 'ಕೇಬಲ್' ಎಂದಿದ್ದರೆ ಟಿವಿ ಬೇರೆಯೇ ಬಗೆಯ ಸಿಗ್ನಲ್ಲಿಗೆ ತಡಕಾಡಿ ಬರಿಗೈಯಲ್ಲಿ ಮರಳುತ್ತದೆ.

ಸ್ಕ್ಯಾನ್ ಏಕೆ ಬೇಕು, ಸಂಖ್ಯೆ ಒತ್ತಿದರೆ ಸಾಲದೇ ಎಂದು ಅಪ್ಪ ಕೇಳಿದರು. ಸಾಲದು. ವಾಹಿನಿಯ ಹೆಸರಿನ ಸಂಖ್ಯೆ ಒಂದು, ಅದು ನಿಜವಾಗಿ ಬಿತ್ತರವಾಗುವ ಸಂಖ್ಯೆ ಇನ್ನೊಂದು. ಲಾಸ್ ಏಂಜಲೀಸಿನಲ್ಲಿ ಎನ್‌ಬಿಸಿ ಜಾಲದ ಕೇಂದ್ರವನ್ನು ಜನ 4 ಎಂದೇ ಗುರುತಿಸುತ್ತಾರೆ, ಆದರೆ ಅದರ ತರಂಗ ಬರುವುದು 36ರ ಜಾಗದಲ್ಲಿ. ಎಬಿಸಿಯ 7 ಮಾತ್ರ ನಿಜಕ್ಕೂ 7ರಲ್ಲೇ ಇದೆ. ನಮ್ಮಲ್ಲಿ ಶಾಲೆಯ ದಾಖಲೆಗೊಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು ಎಂಬಂತೆ. ಯಾವುದು ಎಲ್ಲಿದೆ ಎಂದು ಸ್ಕ್ಯಾನ್ ಆದ ಮೇಲಷ್ಟೇ ಟಿವಿಗೆ ಗೊತ್ತಾಗುತ್ತದೆ. ಈ ಎರಡು ಸಂಖ್ಯೆಗಳ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಒಂದು ಕಗ್ಗಂಟು ಬಿಡಿಸಲು ಅದು ಬೇಕಾಗುತ್ತದೆ.

ಈಗ ದಿಕ್ಕು. ಲಾಸ್ ಏಂಜಲೀಸಿನ ಮುಖ್ಯ ಕೇಂದ್ರಗಳ ಟವರುಗಳೆಲ್ಲ ಒಟ್ಟಾಗಿ ಮೌಂಟ್ ವಿಲ್ಸನ್ ಎಂಬ ಬೆಟ್ಟದ ಮೇಲಿವೆ, ಎತ್ತರ ಸುಮಾರು 1,740 ಮೀಟರ್. ಬೋಲ್ಸಾ ಚಿಕಾದಿಂದ ಅದು ಬಹುತೇಕ ನೇರ ಉತ್ತರಕ್ಕೆ, 60 ಕಿಲೋಮೀಟರ್ ದೂರದಲ್ಲಿದೆ. ಚಳಿಗಾಲದ ಶುಭ್ರ ದಿನದಲ್ಲಿ ಬೆಟ್ಟಸಾಲು ಕಣ್ಣಿಗೇ ಕಾಣುತ್ತದೆ. ಇಂಥ ಅದೃಷ್ಟ ಎಲ್ಲ ಊರಿನಲ್ಲೂ ಇರುವುದಿಲ್ಲ, ಟವರುಗಳು ನಾಲ್ಕು ದಿಕ್ಕಿಗೆ ಚದುರಿರುತ್ತವೆ. ನೀವು ನಿಂತ ಜಾಗಕ್ಕೆ ಯಾವ ಕೇಂದ್ರ ಎಷ್ಟು ದೂರ, ಯಾವ ದಿಕ್ಕು, ನಿಜವಾದ ಸಂಖ್ಯೆ ಯಾವುದು ಎಂಬುದನ್ನು ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿಯ ನಕ್ಷೆಯೂ ರ‍್ಯಾಬಿಟ್‌ಇಯರ್ಸ್ ತಾಣವೂ ಕೊಡುತ್ತವೆ. ಆದರೆ ಎಫ್‌ಸಿಸಿಯ ಲೆಕ್ಕ 30 ಅಡಿ ಎತ್ತರದ ಆಂಟೆನಾದ್ದು, ಅಂದರೆ ಮಹಡಿ ಮನೆಯ ಸೂರಿನದು. ಆರ್‌ವಿಯ ಆಂಟೆನಾ ಎತ್ತಿದರೂ ಅದರ ಅರ್ಧದಷ್ಟು ಎತ್ತರದಲ್ಲಿರುತ್ತದೆ. ನಕ್ಷೆ 'ಬಲವಾಗಿದೆ' ಎಂದರೆ ನಾನು 'ಪರವಾಗಿಲ್ಲ' ಎಂದು ಓದಿಕೊಳ್ಳುತ್ತೇನೆ, 'ಪರವಾಗಿಲ್ಲ' ಎಂದರೆ ಕೇರಂ ಬೋರ್ಡು ಹೊರತೆಗೆಯುತ್ತೇನೆ.

ಮೊಬೈಲಿನ ದಿಕ್ಸೂಚಿ ಹಿಡಿಯುವಾಗ ಒಂದು ಎಚ್ಚರಿಕೆ. ಅಯಸ್ಕಾಂತದ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಆ ಭಾಗದಲ್ಲಿ ಹನ್ನೊಂದು ಹನ್ನೆರಡು ಡಿಗ್ರಿ ವ್ಯತ್ಯಾಸವಿದೆ, ಆಪ್‌ನಲ್ಲಿ ನಿಜ ಉತ್ತರವನ್ನು ಆರಿಸಿಕೊಳ್ಳಬೇಕು. ಗಾಡಿಯೊಳಗಿನ ಕಬ್ಬಿಣವೂ ಮುಳ್ಳನ್ನು ದಾರಿ ತಪ್ಪಿಸುತ್ತದೆ, ಹೊರಗೆ ಹತ್ತು ಹೆಜ್ಜೆ ನಡೆದು ನೋಡಿ. ಬ್ಯಾಟ್‌ವಿಂಗಿನ ನೋಟ ಸಾಕಷ್ಟು ಅಗಲ, ಹತ್ತು ಡಿಗ್ರಿ ತಪ್ಪಿದರೆ ಮುಳುಗುವುದಿಲ್ಲ. ಒಳಚಾವಣಿಯ ಹಿಡಿಕೆಯ ತಳದಲ್ಲಿರುವ ಬಾಣ ಟವರಿನ ಕಡೆ ತೋರುವಂತೆ ತಿರುಗಿಸಿ, ಟಿವಿ ಮೆನುವಿನಲ್ಲಿ ಅಡಗಿರುವ ಸಿಗ್ನಲ್ ಮೀಟರನ್ನು ತೆರೆಯಿರಿ. ಒಂದಿಷ್ಟು ತಿರುಗಿಸಿ, ಮನಸ್ಸಿನಲ್ಲೇ ಐದು ಎಣಿಸಿ, ಮೀಟರ್ ನೋಡಿ, ಮತ್ತೊಂದಿಷ್ಟು ತಿರುಗಿಸಿ. ಕಳೆದುಹೋದ ಇರುವೆಗಳ ಬದಲಿಗೆ ಈಗ ನಮಗೆ ಉಳಿದಿರುವ ಸುಳಿವು ಆ ಮೀಟರ್ ಒಂದೇ.

"150 ಮೈಲಿ ದೂರದ ಸಿಗ್ನಲ್ ಹಿಡಿಯುತ್ತದೆ" ಎಂಬ ಜಾಹೀರಾತುಗಳಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಟಿವಿ ತರಂಗ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ಭೂಮಿ ಗುಂಡಗಿದೆ. 300 ಮೀಟರ್ ಎತ್ತರದ ಟವರಿಗೂ ಆರ್‌ವಿಯ ನೆತ್ತಿಗೂ ನಡುವೆ ಸಮತಟ್ಟು ನೆಲದಲ್ಲಿ ಸುಮಾರು 80 ಕಿಲೋಮೀಟರ್, ಅಂದರೆ 50 ಮೈಲಿ ಆಗುವಷ್ಟರಲ್ಲಿ ದಿಗಂತ ಅಡ್ಡ ಬರುತ್ತದೆ. ಆಂಟೆನಾ ಎಷ್ಟೇ ದುಬಾರಿಯಾದರೂ ನೆಲದೊಳಗಿಂದ ಸಿಗ್ನಲ್ ಅಗೆದು ತರುವುದಿಲ್ಲ. ಸಮುದ್ರದ ಮೇಲೆ ಗಾಳಿಯ ಬಿಸಿ ಪದರ ತಣ್ಣನೆಯ ಪದರದ ಮೇಲೆ ಕುಳಿತ ಕೆಲವು ರಾತ್ರಿಗಳಲ್ಲಿ ತರಂಗ ಬಾಗಿ ಬಹುದೂರ ಬರುವುದುಂಟು. ಅದು ನೆಂಟರಂತೆ, ಬೆಳಿಗ್ಗೆ ಹೊರಟುಹೋಗುತ್ತದೆ. ಇನ್ನು ಯೊಸೆಮಿಟಿ ಕಣಿವೆಯಂಥ ಜಾಗದಲ್ಲಿ, ಸುತ್ತ ಸಾವಿರ ಮೀಟರಿನ ಸಮೀಪದ ಕಲ್ಲುಗೋಡೆ ಎದ್ದಿರುವಾಗ, ನಾನು ಆಂಟೆನಾ ಎತ್ತುವ ಗೋಜಿಗೇ ಹೋಗುವುದಿಲ್ಲ.

ದಿಕ್ಕು ಸರಿಯಾದ ಮೇಲೆ ಸ್ಕ್ಯಾನ್ ಮಾಡಿದೆವು. ಪಟ್ಟಿ ಉದ್ದುದ್ದ ಬಂತು. ಕೊರಿಯನ್, ಸ್ಪ್ಯಾನಿಷ್, ವಿಯೆಟ್ನಾಮೀಸ್ ಎಲ್ಲ ಬಂದವು. ಅಪ್ಪನಿಗೆ ಬೇಕಾಗಿದ್ದ ಸಂಜೆಯ ರಸಪ್ರಶ್ನೆ ಕಾರ್ಯಕ್ರಮ ಬರುವ 7 ಮಾತ್ರ ಇಲ್ಲ. ಅದೇ ಬೆಟ್ಟ, ಅದೇ ದಿಕ್ಕು, ಅಕ್ಕಪಕ್ಕದ ಟವರುಗಳು. 4 ಬರುತ್ತದೆ, 7 ಬರುವುದಿಲ್ಲ.

ಇಲ್ಲಿ ಆ ಎರಡು ಸಂಖ್ಯೆಗಳು ನೆರವಿಗೆ ಬರುತ್ತವೆ. 36 ಎಂದರೆ ಯುಎಚ್‌ಎಫ್ ಎಂಬ ಹೆಚ್ಚು ಕಂಪನದ ಪಟ್ಟಿ, ಸುಮಾರು 600 ಮೆಗಾಹರ್ಟ್ಸ್. 7 ಎಂದರೆ ವಿಎಚ್‌ಎಫ್ ಎಂಬ ಕಡಿಮೆ ಕಂಪನದ ಪಟ್ಟಿ, 174ರಿಂದ 180 ಮೆಗಾಹರ್ಟ್ಸ್. ಕಂಪನ ಕಡಿಮೆಯಾದಷ್ಟೂ ತರಂಗ ಉದ್ದ, ಅದನ್ನು ಹಿಡಿಯುವ ಆಂಟೆನಾ ಕಡ್ಡಿಯೂ ಉದ್ದವಿರಬೇಕು. ಯುಎಚ್‌ಎಫ್‌ಗೆ ಒಂದು ಗೇಣು, ಒಂದೂವರೆ ಗೇಣು ಸಾಕು. 7ಕ್ಕೆ ಸುಮಾರು 85 ಸೆಂಟಿಮೀಟರ್ ಬೇಕು. ಫಿಲಡೆಲ್ಫಿಯಾದ 6ನೇ ವಾಹಿನಿ ಇನ್ನೂ ನಿಜವಾದ 6ರಲ್ಲೇ ಇದೆ, ಅದಕ್ಕೆ ಸುಮಾರು ಒಂದೂಮುಕ್ಕಾಲು ಮೀಟರ್ ಬೇಕು. ಅಂಗಡಿಯಲ್ಲಿ ಕೈಯಗಲದ ಚಪ್ಪಟೆ ಆಂಟೆನಾ ಕೊಂಡವರಿಗೆ ಇಂಥ ವಾಹಿನಿಗಳು ಕೈಕೊಡುವುದು ಇದಕ್ಕೇ. ಮೈಯೆಲ್ಲ ಅಲ್ಯೂಮಿನಿಯಂ ಇರುವ ಗಾಡಿಯೊಳಗೆ ಅದನ್ನು ಕಿಟಕಿಗೆ ಅಂಟಿಸಿ ಕೂರುವುದಂತೂ ಪಾತ್ರೆಯೊಳಗೆ ಮುಖವಿಟ್ಟು ಹೊರಗಿನ ಮಾತು ಕೇಳಿದಂತೆ. ಬ್ಯಾಟ್‌ವಿಂಗಿನ ರೆಕ್ಕೆ ಅಗಲವಿರುವುದು ವಿಎಚ್‌ಎಫ್‌ಗಾಗಿ. ಅದರ ಹಳೆಯ ಮಾದರಿಗಳು ಯುಎಚ್‌ಎಫ್‌ನಲ್ಲಿ ತುಸು ಮಂಕಾಗಿದ್ದವು, ಅದಕ್ಕೆಂದೇ ಮುಂದೆ ಸಿಕ್ಕಿಸುವ ವಿಂಗ್‌ಮನ್ ಎಂಬ ಪುಟ್ಟ ಜೋಡಣೆ ಬಂತು. ಹಳೆಯ ಗಾಡಿ ಇದ್ದವರಿಗೆ ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ವಸ್ತು. ಎಲ್ಲ ದಿಕ್ಕಿನಿಂದಲೂ ಹಿಡಿಯುವ ತಟ್ಟೆಯಾಕಾರದವೂ ಇವೆ, ತಿರುಗಿಸುವ ಎತ್ತುವ ರಗಳೆಯಿಲ್ಲ. ಆದರೆ ಎಲ್ಲ ಕಡೆ ಕಿವಿಗೊಡುವವನಿಗೆ ಯಾರ ಮಾತೂ ಸರಿಯಾಗಿ ಕೇಳಿಸದು. ನಗರದ ಹತ್ತಿರ ಸಾಕು, ದೂರದ ತಂಗುದಾಣಗಳಿಗೆ ಅಲ್ಲ ಎಂಬುದು ನನ್ನ ಅನುಭವ.

ನಮ್ಮದು ಬ್ಯಾಟ್‌ವಿಂಗ್. ಹಾಗಾದರೆ 7 ಏಕಿಲ್ಲ? ನಾನು ಕೇಬಲ್ಲಿನ ತಿರುಪುಗಳನ್ನೆಲ್ಲ ಬಿಗಿ ಮಾಡಿದೆ, ಏಣಿ ಹತ್ತಿ ಆಂಟೆನಾದ ಬುಡ ನೋಡಿದೆ. ಅಲ್ಲಿ ಕೇಬಲ್ ಪ್ರತಿ ಸಲ ಎತ್ತಿ ಇಳಿಸಿದಾಗಲೂ ಬಾಗುತ್ತದೆ, ವರ್ಷಗಳಾದ ಮೇಲೆ ಬಿರುಕು ಬಿಟ್ಟು ನೀರು ಕುಡಿಯುತ್ತದೆ. ನಮ್ಮದು ಗಟ್ಟಿಯಾಗಿಯೇ ಇತ್ತು. ಕೆಳಗಿಳಿಯುವಷ್ಟರಲ್ಲಿ ಸೂರ್ಯ ಕಡಲಿಗೆ ಮುಟ್ಟಿದ್ದ. ಸುಮ್ಮನೆ ಮತ್ತೊಮ್ಮೆ ಸ್ಕ್ಯಾನ್ ಮಾಡಿದರೆ ಟಿವಿಯಲ್ಲಿ 7 ತಾನಾಗಿಯೇ ಕಾಣಿಸಿಕೊಂಡಿತು.

"ಸೂರ್ಯನಿಗೂ ಟಿವಿಗೂ ಏನೋ ಸಂಬಂಧ?" ಎಂದರು ಅಪ್ಪ.

ಸಂಬಂಧ ನೆತ್ತಿಯ ಮೇಲೆಯೇ ಇತ್ತು, ಸೌರಫಲಕ. ಅದರ ವಿದ್ಯುತ್ತನ್ನು ಬ್ಯಾಟರಿಗೆ ಹದವಾಗಿ ಇಳಿಸುವ ಪೆಟ್ಟಿಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಜೋಡಿಸುತ್ತದೆ. ಹಾಗೆ ಕಡಿದಾಗ ಏಳುವ ಕಿರಿಕಿರಿ ರೇಡಿಯೊ ಗದ್ದಲವಾಗಿ ಹರಡುತ್ತದೆ. ಈ ಬಗೆಯ ಗದ್ದಲ ಯುಎಚ್‌ಎಫ್‌ಗಿಂತ ವಿಎಚ್‌ಎಫ್‌ನಲ್ಲೇ ಜೋರು. ಬೆಳಕಿದ್ದಾಗ ಪೆಟ್ಟಿಗೆ ದುಡಿಯುತ್ತಿತ್ತು, 7 ಮುಳುಗಿತ್ತು. ಕತ್ತಲಾಗಿ ಅದು ಸುಮ್ಮನಾದಾಗ 7 ತಲೆಯೆತ್ತಿತು. ಸಿಗ್ನಲ್ ಮೊದಲಿನಿಂದಲೂ ಇತ್ತು, ಅದನ್ನು ಮುಳುಗಿಸುವ ಗದ್ದಲದ ಮಟ್ಟ ಮೇಲೇರಿತ್ತು ಅಷ್ಟೇ. ಆರ್‌ವಿಯಲ್ಲಿ ಇಂಥ ಗಲಾಟೆಗಾರರು ಬಹಳ: ಅಗ್ಗದ ಎಲ್‌ಇಡಿ ಬಲ್ಬು, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್, ಇನ್ವರ್ಟರ್, ಯುಎಸ್‌ಬಿ ಚಾರ್ಜರ್. ಹಿಡಿಯುವ ಉಪಾಯ ಸುಲಭ. ತೊಂದರೆಯ ವಾಹಿನಿಯ ಸಿಗ್ನಲ್ ಮೀಟರ್ ತೆರೆದಿಟ್ಟು ಒಂದೊಂದನ್ನೇ ಆರಿಸುತ್ತ ಬನ್ನಿ, ಯಾವುದು ಆರಿದಾಗ ಮೀಟರ್ ಜಿಗಿಯುತ್ತದೆಯೋ ಅದೇ ಕಳ್ಳ. ನಮ್ಮ ಗಾಡಿಯಲ್ಲಿ ಸೌರಫಲಕದ ತಂತಿಗಳೂ ಆಂಟೆನಾದ ಕೇಬಲ್ಲೂ ಒಂದೇ ರಂಧ್ರದಿಂದ ಜೋಡಿಯಾಗಿ ಇಳಿದಿದ್ದವು. ಮರುದಿನ ಅವನ್ನು ದೂರ ದೂರ ಮಾಡಿ, ಫಲಕದ ಎರಡು ತಂತಿಗಳನ್ನು ಹಗ್ಗದಂತೆ ಹೊಸೆದು, ಗದ್ದಲ ತಗ್ಗಿಸುವ ಫೆರೈಟ್ ಉಂಗುರ ತೊಡಿಸಿದೆ. ಆಮೇಲೆ ನಡುಮಧ್ಯಾಹ್ನವೂ 7 ನಿಂತಿತು.

ಇಷ್ಟೆಲ್ಲ ಮಾಡುವ ಮುಂಚೆ ಹೆಚ್ಚಿನವರು ಮಾಡುವುದು ಇನ್ನೊಂದು ಬೂಸ್ಟರ್ ತಂದು ಟಿವಿಯ ಹಿಂದೆ ಸಿಕ್ಕಿಸುವುದು. ಅದು ಏಕೆ ಫಲಿಸದು ಎಂದು ಹಾಲಿನ ಲೆಕ್ಕದಲ್ಲಿ ಹೇಳಬಹುದು. ಆಂಟೆನಾ ಹಿಡಿದದ್ದು ಹಾಲು. ಕೇಬಲ್ಲಿನ ಉದ್ದಕ್ಕೂ ಅದು ಸೋರುತ್ತದೆ. ಸ್ಪ್ಲಿಟರ್ ಎರಡು ಕವಲಾದರೆ ಪ್ರತಿ ಕವಲಿಗೂ 3.5 ಡೆಸಿಬೆಲ್ ನಷ್ಟ, ಅಂದರೆ ಅರ್ಧಕ್ಕಿಂತ ಕಡಿಮೆ ಹಾಲು. ನಾಲ್ಕು ಕವಲಾದರೆ ಸುಮಾರು 7, ಐದರಲ್ಲಿ ಒಂದು ಪಾಲು. ಕೊನೆಯಲ್ಲಿ ಪ್ರತಿ ಉಪಕರಣವೂ ತನ್ನದೊಂದು ಲೋಟ ನೀರು ಬೆರೆಸಿಯೇ ತೀರುತ್ತದೆ, ಆ ನೀರೇ ಗದ್ದಲ. ಬೂಸ್ಟರ್ ಆಂಟೆನಾದ ಬುಡದಲ್ಲಿದ್ದರೆ ಸೋರುವ ಮುನ್ನವೇ ಹಾಲನ್ನು ಹೆಚ್ಚಿಸುತ್ತದೆ. ಟಿವಿಯ ಹಿಂದಿದ್ದರೆ ನೀರು ಬೆರೆತ ಹಾಲನ್ನು ನೀರಿನ ಸಮೇತ ದುಪ್ಪಟ್ಟು ಮಾಡುತ್ತದೆ. ಲೋಟ ತುಂಬುತ್ತದೆ, ರುಚಿ ಬದಲಾಗದು. ಬಳಸದ ಸ್ಪ್ಲಿಟರ್ ಕಿತ್ತು ಹಾಕುವುದು, ಹಳೆಯ ತೆಳ್ಳನೆಯ ಆರ್‌ಜಿ-59 ಕೇಬಲ್ಲಿನ ಬದಲು ಆರ್‌ಜಿ-6 ಎಳೆಯುವುದು ಇದಕ್ಕಿಂತ ಎಷ್ಟೋ ಮೇಲು.

ಬೂಸ್ಟರಿನ ಬಲ ಅತಿಯಾಗಿ ಚಿತ್ರ ಕೆಡುವುದೂ ಉಂಟು. ಟವರಿನ ಬುಡದಲ್ಲೇ ತಂಗಿದರೆ ಸಿಗ್ನಲ್ ಉಕ್ಕಿ ಬೂಸ್ಟರ್ ಉಸಿರುಗಟ್ಟುತ್ತದೆ, ಹತ್ತಿರದ ಮೊಬೈಲ್ ಟವರೂ ಅದೇ ಕೆಲಸ ಮಾಡಬಲ್ಲದು. 2017ರಲ್ಲಿ ಹರಾಜಾದ 600 ಮೆಗಾಹರ್ಟ್ಸ್ ಪಟ್ಟಿ ಮೊದಲು ಟಿವಿಯದ್ದೇ ಆಗಿತ್ತು. 2020ರ ಜುಲೈ ವೇಳೆಗೆ ಟಿವಿ 36 ಮತ್ತು ಅದರ ಕೆಳಗಿನ ಸಂಖ್ಯೆಗಳಿಗೆ ಸರಿದು, ಮೇಲಿನ ಜಾಗ ಮೊಬೈಲಿಗೆ ಹೋಯಿತು. ಅದಕ್ಕೂ ಹಿಂದಿನ ಬೂಸ್ಟರುಗಳಿಗೆ ಈ ಪಾಲು ಹಂಚಿಕೆ ತಿಳಿಯದು, ಮೊಬೈಲಿನ ಸಿಗ್ನಲ್ಲನ್ನೂ ಎಳೆದುಕೊಂಡು ಉಬ್ಬಿಸುತ್ತವೆ. ಇದಕ್ಕೆ ಮೊಬೈಲ್ ತರಂಗವನ್ನು ತಡೆಯುವ ಎಲ್‌ಟಿಇ ಫಿಲ್ಟರ್ ಸಿಗುತ್ತದೆ. ಅದು ಬೂಸ್ಟರಿಗಿಂತ ಮುಂಚೆ ಇರಬೇಕು. ಸೆನ್ಸರಿನಲ್ಲಿ ಬೂಸ್ಟರ್ ತಲೆಯೊಳಗೇ ಇರುವುದರಿಂದ ಫಿಲ್ಟರ್ ಕೆಳಗೆ ಹಾಕಿದರೆ ಟಿವಿಗೆ ಮಾತ್ರ ರಕ್ಷಣೆ, ಪೂರ್ತಿ ಪರಿಹಾರವಲ್ಲ.

ಕೊನೆಗೆ, ಎಲ್ಲ ಸರಿಯಿದ್ದೂ ಚಿತ್ರ ಒಡೆಯುತ್ತಿದ್ದರೆ ಗಾಡಿಯನ್ನೇ ಒಂದು ಮಾರು ಹಿಂದೆ ಮುಂದೆ ಸರಿಸಿ ನೋಡಿ. ಪಕ್ಕದ ಗಾಡಿಗಳ ಲೋಹದ ಮೈಗೆ ಬಡಿದ ತರಂಗ ನೇರ ಬಂದದ್ದರೊಡನೆ ಜಗಳವಾಡಿ ಕೆಲವು ಜಾಗಗಳಲ್ಲಿ ಒಂದನ್ನೊಂದು ಅಳಿಸಿಬಿಡುತ್ತವೆ. ಯುಎಚ್‌ಎಫ್‌ನಲ್ಲಿ ಅಂಥ ಕುರುಡು ತಾಣದ ಅಗಲ ಗೇಣಿನ ಲೆಕ್ಕದ್ದು. ಮಳೆಯಲ್ಲಿ ತೊಯ್ದ ಎಲೆಗಳೂ ಸಿಗ್ನಲ್ ನುಂಗುತ್ತವೆ, ನೆರಳಿಗೆಂದು ಮರದಡಿ ನಿಂತವರು ಟಿವಿಯ ಆಸೆ ಕಡಿಮೆ ಇಟ್ಟುಕೊಳ್ಳಬೇಕು.

ನಾಲ್ಕನೆಯ ದಿನ ಹೊರಡುವಾಗ ಅಪ್ಪ ಮುಂದಿನ ಸೀಟಿನಲ್ಲಿ ಕೂರದೆ ಒಳಚಾವಣಿಯತ್ತ ನೋಡುತ್ತ ನಿಂತರು. ಹಿಡಿಕೆಯನ್ನು ಮೊದಲು ಪ್ರಯಾಣದ ಗುರುತಿಗೆ ತಿರುಗಿಸಿ, ಆಮೇಲೆ ಪೂರ್ತಿ ಇಳಿಸಬೇಕು. ಗುರುತು ತಪ್ಪಿದರೆ ರೆಕ್ಕೆ ಎಸಿ ಪೆಟ್ಟಿಗೆಯ ಮೇಲೆ ಕೂರುತ್ತದೆ. ಇಳಿಸುವುದನ್ನೇ ಮರೆತು ಹೊರಟು, ಪೆಟ್ರೋಲ್ ಬಂಕಿನ ಚಪ್ಪರಕ್ಕೆ ಒಂದು ಆಂಟೆನಾವನ್ನು ನಾನಾಗಲೇ ಅರ್ಪಿಸಿದ್ದ ಕಥೆ ಅವರಿಗೆ ಗೊತ್ತಿತ್ತು. ಹಿಡಿಕೆ ಇಳಿಸಿ, ಚೀಲದಿಂದ ಅರಿಸಿನದ ದಾರವೊಂದನ್ನು ತೆಗೆದು ಗಾಡಿಯ ಕೀಲಿಗೆ ಕಟ್ಟಿದರು. ಆಂಟೆನಾ ಎತ್ತಿದಾಗ ದಾರ ಸ್ಟಿಯರಿಂಗಿಗೆ, ಇಳಿಸಿದಾಗ ಕೀಲಿಗೆ. ಅವರು ಊರಿಗೆ ಮರಳಿದರೂ ಆ ದಾರ ಈಗಲೂ ಹಾಗೆಯೇ ಅತ್ತಿತ್ತ ಹೋಗಿ ಬರುತ್ತಿದೆ.